ನೆರೆಯ ನೀರೂ ನೆಲದ ಉಸಿರೂ

2025ರ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಅತಿವೃಷ್ಟಿಯಿಂದಲೂ ಭೀಮೆಯ ಪ್ರವಾಹದಿಂದಲೂ ಕಲಬುರಗಿ, ಯಾದಗಿರಿ, ಬೀದರ, ವಿಜಯಪುರ ಜಿಲ್ಲೆಗಳ ಒಕ್ಕಲಿಗರಿಗೆ ಒದಗಿದ ವಿಪತ್ತು ಹೊಸತೇನಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಏಕಕಾಲಕ್ಕೆ ಉಕ್ಕಿ ಬೆಳಗಾವಿ, ಬಾಗಲಕೋಟೆ ಸೀಮೆಗಳನ್ನು ಮುಳುಗಿಸಿದುವು. 2020ರ ಅಕ್ಟೋಬರಿನಲ್ಲಿ ಭೀಮೆಯ ಸರದಿ ಬಂದಿತು. ಪ್ರತಿಸಾರಿಯೂ ವಿಮಾನದಿಂದ ಸಮೀಕ್ಷೆ ನಡೆಯುವದು, ಪರಿಹಾರವು ಘೋಷಿತವಾಗುವದು, ನದಿಯು ದಡದೊಳಗೆ ಮರಳುವದು. ಅಲ್ಲಿಗೆ ವಿಷಯವು ಮುಗಿಯಿತೆಂಬ ಭಾವನೆಯು ನೆಲೆಗೊಳ್ಳುವದು. ಆದರೆ ರೈತನ ನಷ್ಟದ ಬಹುಭಾಗವು ಆ ಬಳಿಕವೇ ನೆಲದೊಳಗೆ ಮೌನವಾಗಿ ನಡೆಯುವದೆಂಬುದನ್ನು ನಾವು ಗಮನಿಸತಕ್ಕದ್ದಾಗಿದೆ.

ಬೆಳೆಯನ್ನು ಕೊಲ್ಲುವದು ನೀರಿನ ಹೆಚ್ಚಳಕ್ಕಿಂತ ಗಾಳಿಯ ಅಭಾವವು. ಬೇರಿಗೂ ಉಸಿರಾಟವುಂಟು, ಮಣ್ಣಿನ ಕಣಗಳ ನಡುವಣ ರಂಧ್ರಗಳಲ್ಲಿರುವ ಗಾಳಿಯೇ ಅದಕ್ಕೆ ಆಧಾರ. ಆ ರಂಧ್ರಗಳನ್ನು ನೀರು ತುಂಬಿದೊಡನೆ, ಗಾಳಿಯಲ್ಲಿ ಹರಡುವದಕ್ಕಿಂತ ಸುಮಾರು 10,000 ಪಾಲು ನಿಧಾನವಾಗಿ ಆಮ್ಲಜನಕವು ಹರಡಬೇಕಾಗುವದು. ಮಣ್ಣಿನಲ್ಲಿ ಉಳಿದುದನ್ನು ಬೇರುಗಳೂ ಸೂಕ್ಷ್ಮಜೀವಿಗಳೂ ಕೆಲವೇ ದಿನಗಳಲ್ಲಿ ತೀರಿಸುವವು. ಆಗ ಬೇರು ಶಕ್ತಿಗುಂದಿ ನೀರನ್ನೂ ಪೋಷಕಾಂಶಗಳನ್ನೂ ಹೀರಲಾರದು. ನೀರಿನ ನಡುವೆಯೇ ಗಿಡವು ಬಾಯಾರಿ ಬಾಡುವದು. ನೆಲದ ಸಾರಜನಕವು ಕೊಂಚ ಕೊಚ್ಚಿಹೋಗಿ, ಕೊಂಚ ಅನಿಲವಾಗಿ ಹಾರಿಹೋಗಿ, ಎಲೆಗಳು ಹಳದಿಗಟ್ಟುವವು. ದ್ವಿದಳ ಬೆಳೆಗಳ ಬೇರುಗಂಟುಗಳು ನಿಷ್ಕ್ರಿಯವಾಗುವವು. ಬೇರು ಕೊಳೆಯಿಸುವ ರೋಗಗಳಿಗೆ ದಾರಿಯಾಗುವದು.

ಎರೆಯ ಭೂಮಿಯಲ್ಲಿ ಈ ಕೇಡು ಇಮ್ಮಡಿಯಾದುದು. ಬರದಲ್ಲಿ ತೇವವನ್ನು ಕಾಯ್ದುಕೊಡುವ ಆ ಜಿಗುಟು ಗುಣವೇ ಅತಿವೃಷ್ಟಿಯಲ್ಲಿ ನೀರನ್ನು ಬಸಿಯಗೊಡದು. ಅದರಲ್ಲಿ ಬೆಳೆಯುವ ತೊಗರಿ, ಹತ್ತಿ, ಮೆಕ್ಕೆಜೋಳಗಳಾದರೋ ಭತ್ತದಂತೆ ಬೇರಿಗೆ ಗಾಳಿಯನ್ನು ಧಾರಾಳವಾಗಿ ಇಳಿಸುವ ಒಳಕೊಳವೆಗಳನ್ನು ಪಡೆದವಲ್ಲ. ಸೆಪ್ಟೆಂಬರಿನಲ್ಲಿ ನೀರು ನಿಂತ ತೊಗರಿಯ ಹೊಲವು ಅಕ್ಟೋಬರಿನಲ್ಲಿ ಹಸುರಾಗಿ ಕಂಡರೂ ರಾಶಿಯ ಕಾಲಕ್ಕೆ ಕಾಯಿ ವಿರಳವಾಗಬಹುದು. ಬೆಳೆಹಾನಿಯ ಪರಿಹಾರಕ್ಕೆ ಬೇಕಾದ ನಷ್ಟದ ಮಿತಿಯನ್ನು ಕೇಂದ್ರ ಸರಕಾರವು 2015ರಲ್ಲಿ ಶೇಕಡಾ 50ರಿಂದ 33ಕ್ಕೆ ಇಳಿಸಿದುದು ಯೋಗ್ಯವೇ. ಆದರೆ ಇಂಥ ನಷ್ಟವನ್ನು ಅಳೆಯುವ ಕಾಲ ಯಾವುದು? ನೀರು ಇಳಿದ ವಾರದಲ್ಲೇ ಎಣಿಕೆ ಮುಗಿದರೆ, ಬೇರು ಸತ್ತು ಎಲೆ ಉಳಿದ ಹೊಲದ ಒಡೆಯನಿಗೆ ನ್ಯಾಯವು ದೊರೆಯಲಾರದು.

ವಿಜ್ಞಾನವು ಇಲ್ಲಿ ನಿರುಪಾಯವಾಗಿ ಕುಳಿತಿಲ್ಲ. ಒಡಿಶಾದ ನಾಟಿ ಭತ್ತವೊಂದರಿಂದ ಬಂದ ತಳಿಯಲ್ಲಿದ್ದ ಮುಳುಗುಸಹನೆಯ ವಂಶವಾಹಿಯನ್ನು ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು; ಅದನ್ನು ಸೇರಿಸಿದ ಸ್ವರ್ಣ-ಸಬ್1 ಎಂಬ ಭತ್ತವು 2009ರಲ್ಲಿ ಭಾರತದ ರೈತರಿಗೆ ಬಿಡುಗಡೆಯಾಗಿ, ಸುಮಾರು ಎರಡು ವಾರ ಮುಳುಗಿಯೂ ಚೇತರಿಸಿಕೊಳ್ಳುವ ಶಕ್ತಿಯನ್ನು ತೋರಿಸಿತು. ನಮ್ಮ ಕುಮಟೆಯ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಾಳುವ ಕಗ್ಗ ಭತ್ತವನ್ನು ಒಕ್ಕಲಿಗರು ತಲೆಮಾರುಗಳಿಂದ ಕಾಪಾಡಿದ್ದಾರೆ. ಆದರೆ ಭತ್ತಕ್ಕೆ ದೊರೆತ ಈ ರಕ್ಷಣೆಯು ತೊಗರಿಗೂ ಹತ್ತಿಗೂ ತಾನಾಗಿ ಬರತಕ್ಕದ್ದಲ್ಲ. ಅವುಗಳಿಗೆ ಸದ್ಯದ ಆಸರೆಯೆಂದರೆ ಏರುಮಡಿಯ ಬಿತ್ತನೆಯೂ ನೀರು ಹೊರಹೋಗುವ ಬಸಿಗಾಲುವೆಯೂ.

ಏರುಮಡಿಯನ್ನು ರೈತನು ಮಾಡಿಕೊಂಡಾನು. ಬಸಿಗಾಲುವೆಯು ಒಬ್ಬನಿಂದ ಆಗತಕ್ಕ ಕಾರ್ಯವಲ್ಲ. ಒಬ್ಬನ ಹೊಲದ ನೀರು ಮತ್ತೊಬ್ಬನ ಹೊಲವನ್ನು ದಾಟಿ ಹಳ್ಳವನ್ನು ಸೇರಬೇಕು; ಹಳ್ಳವು ಹೂಳಿನಿಂದಲೂ ಒತ್ತುವರಿಯಿಂದಲೂ ಮುಕ್ತವಾಗಿರಬೇಕು. ನೀರನ್ನು ತರುವ ಕಾಲುವೆಗೆ ಸಲ್ಲುವ ಹಣ, ಗೌರವಗಳು ನೀರನ್ನು ಒಯ್ಯುವ ಕಾಲುವೆಗೂ ಸಲ್ಲಲಿ. ಮಳೆಗಾಲಕ್ಕೆ ಮುನ್ನ ಹಳ್ಳಗಳ ಹೂಳು ತೆಗೆಯುವದೂ, ನೆರೆ ಇಳಿದ ಒಂದು ತಿಂಗಳಿಗೆ ಹೊಲಗಳ ಎರಡನೆಯ ಪರೀಕ್ಷೆಯಾಗುವದೂ ಸರಕಾರದ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಪರಿಹಾರದ ಹಣವು ಕಳೆದ ಬೆಳೆಗೆ ಸಲ್ಲುವದು. ಬಸಿಗಾಲುವೆಯು ಬರುವ ಬೆಳೆಯನ್ನು ಉಳಿಸುವದು.