ಬಸುರಿಗೆ ಕೋಳಿ ಬೇಡ ಅನ್ನೋರು ಯಾರು?



"ಬಸುರಿ ಕೋಳಿ ತಿನ್ಬಾರ್ದು, ಉಷ್ಣ. ಬಾಣಂತಿ ತಿಂದ್ರೆ ಮಗೂಗೆ ಹೊಟ್ಟೆನೋವು." ಮದ್ದೂರು, ಮಳವಳ್ಳಿ ಕಡೆ ನಮ್ಮ ಕೇರಿಗಳಲ್ಲೂ ಈ ಮಾತು ಕೇಳ್ತಿದೆ. ಬಾಣಂತಿಗೆ ಮೆಣಸು ಅರೆದು ನಾಟಿ ಕೋಳಿ ಸಾರು ಮಾಡಿಕೊಡ್ತಿದ್ದ ಕೇರಿಗಳು ಇವು!

ಈ ಮಾತು ಬರೀ ಮನೆಯಿಂದ ಬಂದದ್ದಲ್ಲ. 2017ರಲ್ಲಿ ಕೇಂದ್ರದ ಆಯುಷ್ ಸಚಿವಾಲಯವೇ ಒಂದು ಪುಸ್ತಿಕೆ ಹಂಚಿ, ಗರ್ಭಿಣಿಯರು ಮಾಂಸಾಹಾರ ಬಿಡಿ, ಆಸೆ ಕೋಪ ಕಾಮ ಬಿಡಿ ಅಂತ ಉಪದೇಶ ಮಾಡಿತ್ತು. 2024ರ ಡಿಸೆಂಬರಿನಲ್ಲಿ ಬಾಡೂಟದ ನೆಲವಾದ ನಮ್ಮ ಮಂಡ್ಯದಲ್ಲೇ ಸಾಹಿತ್ಯ ಸಮ್ಮೇಳನ ನಡೆದಾಗ, ಮದ್ಯ ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂದರು. ಜಗಳ ಮಾಡಿದ ಮೇಲೆ ಕೊನೇ ದಿನ ಮೊಟ್ಟೆ ಬಂತು. ಬಡವರ ಅಗ್ಗದ ಬಾಡಾದ ದನದ ಮಾಂಸವನ್ನಂತೂ 2020ರ ಕಾನೂನು ಕಿತ್ತುಕೊಂಡಿದೆ. ಉಳಿದಿರೋದು ಕೋಳಿ. ಅದನ್ನೂ ಬಸುರಿ ತಟ್ಟೆಯಿಂದ ಎತ್ತಬೇಕಾ?

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ. ಮುದ್ದೆ, ಸೊಪ್ಪುಸಾರು ಒಳ್ಳೇದೇ. ಆದರೆ ಜೊತೆಗೆ ನಾಲ್ಕು ತುಂಡು ಬಾಡಿದ್ದರೆ ಸೊಪ್ಪಿನ ಕಬ್ಬಿಣಾಂಶವೂ ಮೈಗೆ ಹತ್ತುತ್ತೆ. ಬಿ12 ಅಂತೂ ಸೊಪ್ಪಲ್ಲಿ ಇಲ್ಲವೇ ಇಲ್ಲ. ಆರು ತಿಂಗಳು ತುಂಬಿದ ಮಗುವಿಗೆ ದಿನಾ ಮಾಂಸ, ಮೀನು ಇಲ್ಲವೇ ಮೊಟ್ಟೆ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.

ಹೇಳಬೇಕಾದ್ದು "ತಿನ್ಬೇಡ" ಅಂತಲ್ಲ, "ಚೆನ್ನಾಗಿ ಬೇಯಿಸಿ ತಿನ್ನು" ಅಂತ. ಹಸಿ ಕೋಳೀಲಿ ರೋಗಾಣು ಇರ್ತವೆ, ಬಸುರಿಗೂ ಕೂಸಿಗೂ ಅವು ಬೇಗ ತಗಲ್ತವೆ. ನಲ್ಲಿ ಕೆಳಗೆ ಹಿಡಿದು ರಪರಪ ತೊಳೆದರೆ ಅವು ಸಾಯಲ್ಲ, ಪಕ್ಕದ ತಟ್ಟೆಗೆ ಸಿಡೀತವೆ. ಸಾಯೋದು ಬೆಂಕೀಲಿ. ಮೂಳೆ ಹತ್ತಿರ ಕೆಂಪು ಉಳೀಬಾರದು. ಕೋಳಿ ಕುಯ್ದ ಚಾಕು, ಮಣೆ ತೊಳೀದೆ ಸೌತೆಕಾಯಿ ಹೆಚ್ಚಬೇಡಿ. ಸಂಜೆ ಸಾರು ರಾತ್ರಿಯೆಲ್ಲ ಒಲೆ ಮೇಲೇ ಬಿಟ್ಟು ಬೆಳಗ್ಗೆ ಬಾಣಂತಿಗೆ ಬಡಿಸೋದು ಬಿಡಿ, ಅವತ್ತಿಂದು ಅವತ್ತೇ ಮುಗೀಲಿ. ಬಸುರಿಯರು ಲಿವರ್ ದಿನಾ ತಿನ್ನೋದು ಬೇಡ, ವಿಟಮಿನ್ ಎ ಅತಿಯಾದರೆ ಹೊಟ್ಟೇಲಿರೋ ಮಗುವಿಗೆ ತೊಂದರೆ. ಮಗುವಿಗಾದರೆ ಮೂಳೆ ಬಿಡಿಸಿ, ಖಾರ ಹಾಕದೆ, ನುಣ್ಣಗೆ ಕಿವುಚಿ. ಬೀದಿಬದಿ ಕೆಂಪು ಕಬಾಬ್ ಬೇಡ. ಆ ಬಣ್ಣವನ್ನ ಸರ್ಕಾರವೇ 2024ರಲ್ಲಿ ನಿಷೇಧಿಸಿದೆ, ಒಳಗೆ ಬೆಂದಿದೆಯೋ ಇಲ್ಲವೋ ಅದರಲ್ಲಿ ಕಾಣೋದೂ ಇಲ್ಲ.

ಫಾರಂ ಕೋಳಿಗೆ ಹಾರ್ಮೋನ್ ಚುಚ್ತಾರೆ ಅಂತ ವಾಟ್ಸಾಪಲ್ಲಿ ಹೆದರಿಸೋರಿಗೊಂದು ಮಾತು: ಅದು ಬೇಗ ಬೆಳೆಯೋದು ತಳಿ ಮತ್ತು ಮೇವಿನಿಂದ. ಆಂಟಿಬಯಾಟಿಕ್ ಬಳಕೆ ಬಗ್ಗೆ ಕೇಳಿ, ನಾನೂ ನಿಮ್ಮ ಜೊತೆ ಬರ್ತೀನಿ. ಆ ಪ್ರಶ್ನೆ ಸರ್ಕಾರಕ್ಕೆ ಹಾಕಿ, ಬಸುರಿಗಲ್ಲ.

2017ರಿಂದ ಮಾತೃಪೂರ್ಣದಲ್ಲಿ ಅಂಗನವಾಡಿ ಊಟದ ಜೊತೆ ಮೊಟ್ಟೆ ಇದೆ. ಅದು ಹಕ್ಕು, ಬಿಡಬೇಡಿ. ತಾಯಂದಿರ ಸಭೇಲಿ ಬಾಡು ಬೇಯಿಸೋ ಕ್ರಮವನ್ನೂ ಹೇಳಿಕೊಡಿ ಅಂತ ಕೇಳಿ. ಅಲ್ಲಿ ಯಾರಾದ್ರೂ "ಕೋಳಿ ತಿನ್ಬೇಡ" ಅಂದ್ರೆ, ಯಾಕೆ ಅಂತ ಸಹಿ ಹಾಕಿ ಬರೆದುಕೊಡೋಕೆ ಹೇಳಿ.