ಇಲಿಯಲ್ಲಿ ಗೆದ್ದ ನ್ಯಾನೋ ಮದ್ದು

ಕ್ಯಾನ್ಸರ್ ಗಡ್ಡೆಗೂ ಹಸಿವಿದೆ. ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಲು ಅದಕ್ಕೆ ಹೊಸ ರಕ್ತನಾಳಗಳು ಬೇಕು. ಆ ನಾಳಗಳನ್ನೇ ತಡೆದರೆ ಗಡ್ಡೆ ಬೆಳೆಯಲಾರದು ಎಂದು ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಬರೆದಾಗ ನಂಬಿದವರು ಕಡಿಮೆ. 2004ರಲ್ಲಿ ಇದೇ ತತ್ವದ ಬೆವಾಸಿಝುಮಾಬ್ ಔಷಧಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟಿತು, ದೊಡ್ಡ ಕರುಳಿನ ಕ್ಯಾನ್ಸರಿಗೆ. ಮುಂದೆ ಸ್ತನ ಕ್ಯಾನ್ಸರಿಗೂ ಕೊಟ್ಟಿದ್ದ ಒಪ್ಪಿಗೆಯನ್ನು 2011ರಲ್ಲಿ ಹಿಂಪಡೆಯಿತು. ಆಯುಸ್ಸು ಹೆಚ್ಚಿದ್ದಕ್ಕೆ ಪುರಾವೆ ಇರಲಿಲ್ಲ. ರಕ್ತಸ್ರಾವದ ಅಪಾಯವಂತೂ ಇತ್ತು.

ಮದ್ದು ಮೈಯೆಲ್ಲ ಸುತ್ತದೆ ಗಡ್ಡೆಯ ನಾಳಕ್ಕೇ ಹೋಗುವಂತೆ ಮಾಡಬಹುದೇ? ನ್ಯಾನೋ ತಂತ್ರಜ್ಞಾನದ ಆಸೆ ಇದೇ. 2018ರಲ್ಲಿ ಚೀನಾ ಮತ್ತು ಅರಿಜೋನಾದ ವಿಜ್ಞಾನಿಗಳು ಡಿಎನ್‌ಎ ಹಾಳೆಯನ್ನು ಕೊಳವೆಯಂತೆ ಸುತ್ತಿ, ಒಳಗೆ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಇಟ್ಟರು. ಗಡ್ಡೆಯ ನಾಳಗಳ ಒಳಗೋಡೆಯಲ್ಲಿ ಕಾಣುವ ನ್ಯೂಕ್ಲಿಯೊಲಿನ್ ಪ್ರೋಟೀನು ತಾಗಿದೊಡನೆ ಕೊಳವೆ ಬಿಚ್ಚಿಕೊಂಡು, ರಕ್ತ ಅಲ್ಲೇ ಹೆಪ್ಪುಗಟ್ಟಿ, ಗಡ್ಡೆ ಸೊರಗಿತು. ಇಷ್ಟೂ ನಡೆದದ್ದು ಇಲಿಗಳಲ್ಲಿ.

ತಕರಾರು ಇರುವುದು ಇಲ್ಲೇ.

ಪ್ರಯೋಗಾಲಯದ ಇಲಿಯಲ್ಲಿ ಗಡ್ಡೆ ಕೆಲವೇ ವಾರಗಳಲ್ಲಿ ಊದುತ್ತದೆ, ಅದರ ನಾಳಗಳು ಸೋರುತ್ತವೆ, ನ್ಯಾನೋ ಕಣ ನುಸುಳಲು ಅನುಕೂಲ. ಮನುಷ್ಯರ ಗಡ್ಡೆ ಎಷ್ಟೋ ವರ್ಷ ತೆಗೆದುಕೊಂಡು ಬೆಳೆದಿರುತ್ತದೆ, ಒಬ್ಬರದ್ದರಂತೆ ಇನ್ನೊಬ್ಬರದ್ದಿಲ್ಲ. ಇಲಿಗಳಲ್ಲೇ ಲೆಕ್ಕ ಆಶಾದಾಯಕವಲ್ಲ. ಹತ್ತು ವರ್ಷಗಳ ಪ್ರಯೋಗಗಳನ್ನು ಟೊರಾಂಟೊದ ಸಂಶೋಧಕರು ಒಟ್ಟುಹಾಕಿ ನೋಡಿದಾಗ, ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪಿದ್ದರ ಮಧ್ಯಾಂಕ ಶೇ 0.7 ಎಂದು 2016ರಲ್ಲಿ ಗೊತ್ತಾಯಿತು. ಉಳಿದವುಗಳಲ್ಲಿ ಬಹುಪಾಲನ್ನು ಯಕೃತ್ತು, ಗುಲ್ಮಗಳು ಹಿಡಿದುಕೊಳ್ಳುತ್ತವೆ. ಥ್ರಾಂಬಿನ್ ಬೇರೆಲ್ಲೋ ಬಿಡುಗಡೆಯಾದರೆ ಏನಾದೀತು ಎಂಬ ಭಯವೂ ಸಣ್ಣದಲ್ಲ. ಕ್ಯಾನ್ಸರ್ ರೋಗಿಗಳಿಗೆ ಹೆಪ್ಪುಗಟ್ಟುವ ತೊಂದರೆ ಮೊದಲೇ ಹೆಚ್ಚು.

ಹಾಗೆಂದು ನ್ಯಾನೋ ಮದ್ದು ಬರೀ ಮಾತಲ್ಲ. ಡಾಕ್ಸೊರುಬಿಸಿನ್ ಔಷಧವನ್ನು ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿದ ಡಾಕ್ಸಿಲ್ 1995ರಿಂದಲೇ ಬಳಕೆಯಲ್ಲಿದೆ. 2012ರಲ್ಲಿ ಅಮೆರಿಕದಲ್ಲಿ ಅದಕ್ಕೆ ಕೊರತೆ ಬಿದ್ದಾಗ ಭಾರತದ ಸನ್ ಫಾರ್ಮಾದ ಔಷಧವನ್ನು ತರಿಸಿಕೊಂಡರು. ಡಾಕ್ಸಿಲ್‌ನ ದೊಡ್ಡ ಲಾಭ ಹೃದಯಕ್ಕಾಗುವ ಹಾನಿ ತಗ್ಗಿದ್ದು. ಗೆಲುವು ಸಣ್ಣದು, ಆದರೆ ಮನುಷ್ಯರಲ್ಲಿ ಸಾಬೀತಾದದ್ದು.

ಆದ್ದರಿಂದ ಎಷ್ಟು ಮದ್ದು ಗಡ್ಡೆ ಸೇರಿತು ಎಂಬುದನ್ನು ಸಂಶೋಧಕರು ಮೊದಲು ಹೇಳಬೇಕು. ಇಲಿಯ ಪ್ರಯೋಗವಾದರೆ ಪತ್ರಿಕೆಗಳು ಅದನ್ನು ತಲೆಬರಹದಲ್ಲೇ ಹಾಕಬೇಕು. ಇಂಥ ಸುದ್ದಿ ಓದಿದ ರೋಗಿಗಳು ಮತ್ತು ಮನೆಯವರು ಈಗ ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬಾರದು, ಮುಂದೂಡಲೂಬಾರದು.