ಮೂಲಿಕೆಗೂ ಬೇಕು ಒರೆಗಲ್ಲು

ಅಮೃತಬಳ್ಳಿ, ಒಂದೆಲಗ, ನೆಲನೆಲ್ಲಿಗಳ ಗುಣವನ್ನು ಮಲೆನಾಡಿನ ಹಿರಿಯರು ತಲೆಮಾರುಗಳ ಅನುಭವದಿಂದ ಕಂಡುಕೊಂಡರು. ಆ ಅರಿವು ಗೌರವಕ್ಕೆ ಅರ್ಹವಾದುದು. ಆದರೆ ಗಿಡಮೂಲಿಕೆಯಿಂದ ಗುಣ ಕಾಣದಿದ್ದರೂ ಕೇಡಂತೂ ಆಗದೆಂಬ ನಂಬಿಕೆಯನ್ನು ಮಾತ್ರ ಒಪ್ಪಲಾಗದು.

ಇಂದು ಕುಡಿದ ಕಷಾಯದಿಂದ ನಾಳೆ ಬರುವ ವಾಂತಿಭೇದಿ ಅನುಭವದ ಕಣ್ಣಿಗೆ ಬೀಳುತ್ತದೆ. ಜೀವಕೋಶದ ವಂಶವಾಹಿಗೆ ತಗಲಿದ ಪೆಟ್ಟಾದರೋ ಅನೇಕ ವರ್ಷಗಳ ಬಳಿಕ ಕ್ಯಾನ್ಸರಾಗಿ ತಲೆದೋರಬಹುದು. ಅಷ್ಟರಲ್ಲಿ ಕಷಾಯದ ನೆನಪೇ ಅಳಿದಿರುತ್ತದೆ.

ಹಾವಿನ ವಿಷಕ್ಕೆ ಮದ್ದೆಂದು ಹೆಸರಾದ ಈಶ್ವರಿ ಬಳ್ಳಿಯ ಕುಲದ ಸಸ್ಯಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಬೆಲ್ಜಿಯಂನಲ್ಲಿ ಮೈ ಇಳಿಸುವ ಔಷಧದೊಡನೆ ಈ ಕುಲದ ಚೀನೀ ಮೂಲಿಕೆಯೊಂದನ್ನು ಸೇವಿಸಿದ ಮಹಿಳೆಯರ ಮೂತ್ರಪಿಂಡಗಳು ಕೆಟ್ಟ ಸಂಗತಿ 1993ರಲ್ಲಿ ಪ್ರಕಟವಾಯಿತು. 2000ದ ವರದಿಯಂತೆ, ಮೂತ್ರಪಿಂಡಗಳನ್ನು ತೆಗೆಸಿಕೊಂಡ 39 ರೋಗಿಗಳಲ್ಲಿ 18 ಮಂದಿಗೆ ಮೂತ್ರನಾಳದ ಭಾಗಗಳಲ್ಲಿ ಕ್ಯಾನ್ಸರ್ ಕಂಡಿತು. ಆ ಆಮ್ಲವು ಡಿ.ಎನ್.ಎ.ಗೆ ಅಂಟಿಕೊಂಡು ಅದರ ಬರಹವನ್ನೇ ತಿದ್ದುತ್ತದೆ.

ಇಂಥ ದೋಷವನ್ನು ಮೊದಲೇ ಅರಿಯುವ ಮಾರ್ಗಗಳಿವೆ. 1938ರಿಂದ ಬಳಕೆಯಲ್ಲಿರುವ ಈರುಳ್ಳಿ ಬೇರಿನ ಪರೀಕ್ಷೆಗೆ ಬೇಕಾದುದು ಸೂಕ್ಷ್ಮದರ್ಶಕ, ಬಣ್ಣ ಮತ್ತು ತಾಳ್ಮೆ. ಮೂಲಿಕೆಯ ಸಾರದಲ್ಲಿ ಬೆಳೆದ ಬೇರಿನ ತುದಿಯಲ್ಲಿ ವರ್ಣತಂತುಗಳು ಮುರಿದಿವೆಯೇ ಎಂದು ನೋಡಬೇಕು. ಇದು ಮೊದಲ ಜರಡಿ ಮಾತ್ರ. ಬಳಿಕ ಬ್ಯಾಕ್ಟೀರಿಯಾಗಳ ಮೇಲೆ ಏಮ್ಸ್ ಪರೀಕ್ಷೆ ನಡೆಯಬೇಕು. ದೇಹದೊಳಗೆ ಹೊಕ್ಕ ಮೇಲೆ ವಿಷವಾಗುವ ವಸ್ತುಗಳೂ ಉಂಟಾದ್ದರಿಂದ, ಅಲ್ಲಿ ಇಲಿಯ ಯಕೃತ್ತಿನ ಸಾರವನ್ನೂ ಬೆರೆಸಿ ನೋಡುತ್ತಾರೆ. ಅನಂತರ ಪ್ರಾಣಿಗಳ ಅಸ್ಥಿಮಜ್ಜೆಯ ಪರೀಕ್ಷೆ.

ಹಾಗೆಂದು ಮೂಲಿಕೆಗಳನ್ನು ತ್ಯಜಿಸಬೇಕೆಂದು ಅರ್ಥವಲ್ಲ. ಪಶ್ಚಿಮಘಟ್ಟದ ನೋಥಪೊಡೈಟಿಸ್ ಮರದಲ್ಲಿರುವ ಕ್ಯಾಂಪ್ಟೊಥೆಸಿನ್ ಡಿ.ಎನ್.ಎ.ಯನ್ನೇ ಘಾಸಿಗೊಳಿಸುವಂಥದು. ಆ ಗುಣವನ್ನು ಅರಿತು, ಅಳತೆಯಲ್ಲಿಟ್ಟುದರಿಂದಲೇ ಅದರಿಂದ ಕ್ಯಾನ್ಸರಿನ ಔಷಧಗಳು ರೂಪುಗೊಂಡವು. ಪರೀಕ್ಷೆಯು ಪರಂಪರೆಗೆ ಅವಮಾನವಲ್ಲ.

ಕಬ್ಬಿಣವನ್ನು ಪರೀಕ್ಷಿಸದೆ ಕಾರ್ಖಾನೆಯಿಂದ ಹೊರಗೆ ಕಳುಹಿಸಬಾರದೆಂಬುದನ್ನು ಭದ್ರಾವತಿಯವರಿಗೆ ಹೇಳಿಕೊಡಬೇಕಾಗಿಲ್ಲ. ಮನುಷ್ಯನ ದೇಹಕ್ಕೆ ಸೇರುವ ವಸ್ತುವಿಗೆ ಅಷ್ಟಾದರೂ ಎಚ್ಚರ ಬೇಡವೆ? ಅದೇ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯವಿದೆ. ಶಿವಮೊಗ್ಗೆಯಲ್ಲಿ ಸಹ್ಯಾದ್ರಿ ವಿಜ್ಞಾನ ಕಾಲೇಜೂ ಆಯುರ್ವೇದ ಮಹಾವಿದ್ಯಾಲಯಗಳೂ ಇವೆ. ನಾಟಿ ವೈದ್ಯರ ಅರಿವು ಈ ಪ್ರಯೋಗಶಾಲೆಗಳ ಬಾಗಿಲಿಗೆ ಬರಬೇಕು. ಅವರ ಹೆಸರು, ಹಕ್ಕುಗಳೂ ಜೊತೆಯಲ್ಲಿ ಉಳಿಯಬೇಕು. ನಮ್ಮ ಶಾಲೆಗಳ ಅಧ್ಯಾಪಕರು ಮಕ್ಕಳಿಂದ ಈರುಳ್ಳಿಯ ಬೇರಿನಲ್ಲಿ ಈ ಪಾಠವನ್ನು ಆರಂಭಿಸಲಿ. ದಾನಿಗಳು ಕಟ್ಟಡದ ಜೊತೆಗೆ ಒಂದೆರಡು ಒಳ್ಳೆಯ ಸೂಕ್ಷ್ಮದರ್ಶಕಗಳನ್ನೂ ಕೊಡಿಸಿದರೆ, ಆ ದಾನದ ಫಲ ಮುಂದಿನ ಪೀಳಿಗೆಯ ಆರೋಗ್ಯಕ್ಕೆ ಸಲ್ಲುವುದು.